ಹೊಗೆಗೂಡಿನ ದೊಣ್ಣೆ

ಮತ್ತೆ ಅದೇ ಸದ್ದು. ಮೇಲೆಲ್ಲಿಂದಲೋ ಒಂದು ಹನಿ ಬಿತ್ತು. ಕೆಂಡ ಚುಂಯ್ ಎಂದಿತು.

ಹೊನೋರಾ ಕೆಹೋ ಕಣ್ಣು ತೆರೆಯಲಿಲ್ಲ. ಡಾರ್ಬಿ ಫಾರಲ್‌ನ ಒಲೆಯ ಮುಂದೆ ಕೂತವರಿಗೆ ಮಂಪರು ಹತ್ತದೆ ಇರುವುದು ಕಷ್ಟ. ಜವುಗಿನಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆಗಳು ಸೌದೆಯಂತೆ ಧಗಧಗ ಉರಿಯುವುದಿಲ್ಲ. ಕೆಂಪಗೆ ಕೂತು ಏನನ್ನೋ ನೆನೆಯುತ್ತಿರುತ್ತವೆ. ಅವುಗಳ ಹೊಗೆ ಕುಡಿದವರಿಗೂ ಏನೇನೋ ನೆನಪಾಗುತ್ತದೆ, ತಾವು ನೋಡದೆ ಇದ್ದದ್ದು ಕೂಡ.

ಹೊನೋರಾಗೆ ಕಾಡು ಕಾಣಿಸಿತು. ಅವಳು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದ ಓಕ್ ಕಾಡು. ಮರಗಳ ನಡುವೆ ಹಸಿರು ಬೆಳಕು ನೀರಿನಂತೆ ನಿಂತಿತ್ತು. ಆ ಬೆಳಕಿನಲ್ಲಿ ಅವಳಪ್ಪ ಬರಿಗಾಲಲ್ಲಿ ನಿಂತು, ಏನೋ ಕಳೆದುಕೊಂಡವನ ಹಾಗೆ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ. ಸತ್ತವನಿಗೆ ಏನು ಕಳೆಯಲು ಸಾಧ್ಯ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹನಿ ಬಿತ್ತು. ಚುಂಯ್.

"ನಿದ್ದೆ ಮಾಡೋಕೆ ಇಷ್ಟು ದೂರ ಬಂದ್ಯಾ, ಮಗಳೇ?" ಡಾರ್ಬಿ ಕೇಳಿದ.

"ನಿದ್ದೆ ಎಲ್ಲಿ ಬರುತ್ತೆ, ಡಾರ್ಬಿ ಮಾಮ. ಸೋಮವಾರ ಜಡ್ಜು ವಿಕ್ಲೋಗೆ ಬರ್ತಾನೆ."

ಸೋಮವಾರ ಜಡ್ಜು ಬಂದರೆ ಅದೇ ವಾರ ಅವಳ ತಮ್ಮ ಮೈಲ್ಸ್‌ಗೆ ನೇಣು. ಮೇ ತಿಂಗಳ ಸಂತೆಯ ಸಂಜೆ ಜಮೀನ್ದಾರನ ಕಾಡುಕಾವಲಿನವ ಗ್ಯಾರೆಟ್ ನೋಲನ್ ಹೊಳೆ ದಾಟುವ ಜಾಗದಲ್ಲಿ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಮೈಲ್ಸ್‌ನ ದೊಣ್ಣೆ ಬಿದ್ದಿತ್ತು. ಸಂತೆಯ ಹೊಡೆದಾಟದಲ್ಲಿ ಅದು ಕೈಜಾರಿ ಹೋಯಿತು, ನೋಲನ್ನೇ ಎತ್ತಿಕೊಂಡಿರಬೇಕು, ಆಮೇಲೆ ಕಣ್ಣಿಗೇ ಬೀಳಲಿಲ್ಲ ಎಂದು ಮೈಲ್ಸ್ ಹೇಳಿದ. ಯಾರೂ ನಂಬಲಿಲ್ಲ.

ಅಕ್ಕ ಒಬ್ಬಳು ನಂಬಿದಳು. ಅದಕ್ಕೆ ಕಾರಣ ಬರೀ ರಕ್ತಸಂಬಂಧವಲ್ಲ.

ಸಾವಿನ ಮನೆಯಲ್ಲಿ ಹಾಡಿ ಅಳುವುದು ಹೊನೋರಾಳ ಕಸುಬು. ಅವಳ ಮುಖಕ್ಕೆ ಬಾಗಿಲು ಹಾಕುವ ಮನೆ ಆ ಸೀಮೆಯಲ್ಲಿ ಇಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಒಂದು ದಿನ ಅವಳು ಬೇಕಾಗುತ್ತಾಳೆ. ಮೈಲ್ಸ್‌ನನ್ನು ಪೊಲೀಸರು ಹಿಡಿದುಕೊಂಡು ಹೋಗುವ ಮೊದಲೇ ಅವಳು ನೋಲನ್‌ನ ಹೆಣಕ್ಕೆ ಸ್ನಾನ ಮಾಡಿಸಿದ್ದಳು. ಬುರುಡೆಯ ಹಿಂಭಾಗ ಅವಳ ಬೆರಳಿಗೆ ಸಿಕ್ಕಿತ್ತು. ದುಂಡಗಿನ ತಗ್ಗು. ಮೂಳೆ ಒಳಕ್ಕೆ ಕುಸಿದಿತ್ತು, ಮೇಲಿನ ಚರ್ಮ ಹರಿದಿರಲಿಲ್ಲ.

ಮೈಲ್ಸ್‌ನ ದೊಣ್ಣೆ ಹಾಗೆ ಹೊಡೆಯುವುದಿಲ್ಲ. ಅದರ ತಲೆಯ ಗಂಟಿನ ಸುತ್ತ ಕರಿಮುಳ್ಳು ಗಿಡದ ಮುಳ್ಳಿನ ಮೊಟಕುಗಳನ್ನು ಹಾಗೇ ಬಿಟ್ಟಿದ್ದಾರೆ. ಬಿದ್ದ ಕಡೆ ಚರ್ಮ ಕಿತ್ತುಬರುತ್ತದೆ. ನೋಲನ್‌ನನ್ನು ಕೊಂದದ್ದು ನುಣ್ಣಗಿನ ದೊಣ್ಣೆ. ತಲೆಯನ್ನು ಕೊರೆದು ಒಳಗೆ ಸೀಸ ಕಾಯಿಸಿ ಹೊಯ್ದದ್ದು.

ಇದನ್ನೇ ಇವತ್ತು ಬೆಳಿಗ್ಗೆ ಮ್ಯಾಜಿಸ್ಟ್ರೇಟ್ ದೊರೆಯ ಮುಂದೆ ನಿಂತು ಹೇಳಿದ್ದಳು. ದೊರೆ ಮೊಟ್ಟೆ ತಿನ್ನುತ್ತಿದ್ದ. ಮೇಜಿನ ಮೇಲಿದ್ದ ಮೈಲ್ಸ್‌ನ ದೊಣ್ಣೆಯನ್ನು ಚಮಚದಿಂದ ತೋರಿಸಿದ.

"ಈ ಶಿಲೇಲಿ ನಿನ್ನ ತಮ್ಮನದು ಹೌದೋ ಅಲ್ಲವೋ?"

"ಹೌದು ದೊರೆ. ಆದರೆ ಕೊಂದಿದ್ದು ಇದಲ್ಲ. ಅದರ ಜಾತೀನೇ ಬೇರೆ."

"ಶಿಲೇಲಿ ಅಂದರೆ ಶಿಲೇಲಿ. ನಿಮ್ಮಲ್ಲಿ ಮಕ್ಕಳು ಹುಟ್ಟುವಾಗಲೇ ಒಂದನ್ನ ಕೈಯಲ್ಲಿ ಹಿಡ್ಕೊಂಡು ಬರ್ತಾರಂತಲ್ಲ," ಎಂದು ದೊರೆ ನಕ್ಕ. ಹಿಂದೆ ನಿಂತಿದ್ದ ಗುಮಾಸ್ತನೂ ನಕ್ಕ. ಸಂಬಳಕ್ಕೆ ನಗುವವನು ಅವನು.

ಶಿಲೇಲಿ. ಅದು ದೊಣ್ಣೆಯ ಹೆಸರೇ ಅಲ್ಲ. ಅದು ಇವರ ಊರಿನ ಹೆಸರು, ಊರ ಸುತ್ತ ಇದ್ದ ಕಾಡಿನ ಹೆಸರು. ಆ ಕಾಡನ್ನು ಕಡಿದರು. ಮರ ಸಮುದ್ರ ದಾಟಿ ಹಡಗಾಯಿತು, ಯಾರದೋ ಅರಮನೆಗೆ ಸೂರಾಯಿತು. ಬರೀ ಹೆಸರು ಉಳಿಯಿತು. ಆ ಹೆಸರನ್ನೂ ತೆಗೆದುಕೊಂಡು ಹೋಗಿ ಐರಿಷಿನವನ ಕೈಯಲ್ಲಿ ಕಂಡ ಕಂಡ ಕೋಲಿಗೆಲ್ಲ ಅಂಟಿಸಿ, ಲಂಡನ್ನಿನಲ್ಲಿ ಕೂತು ನಗುತ್ತಾರೆ. ಮನೆ ದೋಚಿದವನು ಮನೆಯವನ ಹೆಸರನ್ನು ತನ್ನ ನಾಯಿಗೆ ಇಟ್ಟ ಹಾಗೆ.

ಇಲ್ಲಿ ಯಾರೂ ಆ ಮಾತು ಆಡುವುದಿಲ್ಲ. ದೊಣ್ಣೆ ಅನ್ನುತ್ತಾರೆ, ಮರುಕ್ಷಣ ಯಾರ ದೊಣ್ಣೆ ಎಂದು ಕೇಳುತ್ತಾರೆ. ಮುಖ ಇದ್ದ ಹಾಗೆ ದೊಣ್ಣೆ. ದೊರೆಗೆ ಇವರ ಮುಖಗಳೂ ಎಲ್ಲ ಒಂದೇ.

ಹೊನೋರಾ ಅಲ್ಲಿಂದ ನೇರ ಡಾರ್ಬಿಯ ಗುಡಿಸಲಿಗೆ ನಡೆದಿದ್ದಳು. ಡಾರ್ಬಿ ಆ ಸೀಮೆಗೆಲ್ಲ ದೊಣ್ಣೆವರಸೆ ಕಲಿಸಿದ ಗುರು. ಅವಳಪ್ಪ ಅವನ ಜೊತೆಗಾರ, ಮೈಲ್ಸ್ ಅವನ ಶಿಷ್ಯ. ದೊಣ್ಣೆಗೆ ಸೀಸ ಕುಡಿಸಲು ಬರುವುದೂ ಅವನೊಬ್ಬನಿಗೇ.

"ನೀನು ಬಾಗಿಲಲ್ಲಿ ಕಾಣಿಸ್ಕೊಂಡ್ರೆ ಸಾಕು, ನನ್ನ ನಾಡಿ ನಾನೇ ಹಿಡಿದು ನೋಡ್ಕೋತೀನಿ," ಎಂದ ಡಾರ್ಬಿ. "ಆಡ್ತಾ ಇದೆ. ನೀನು ಬೇಗ ಬಂದುಬಿಟ್ಟೆ."

"ನಿಮ್ಮ ಸಾವಿಗೆ ಪುಕ್ಕಟೆ ಅಳ್ತೀನಿ, ಮಾಮ. ಈಗ ನಾನು ಕೇಳಿದ್ದಕ್ಕೆ ಹೇಳಿ. ಸೀಸದ ದೊಣ್ಣೆ ಯಾರ್ಯಾರಿಗೆ ಮಾಡಿಕೊಟ್ಟಿದ್ದೀರಿ?"

"ತುಂಬ ಏನಿಲ್ಲ. ಅರ್ಧ ಜನ ಸಮಾಧೀಲಿದಾರೆ. ಉಳಿದೋರು ಅಮೆರಿಕಾಗೆ ಹೋದ್ರು. ಎರಡೂ ಒಂದೇ. ಯಾರೂ ಕಾಗದ ಬರೆಯಲ್ಲ."

"ನಮ್ಮಪ್ಪಂಗೆ?"

ಡಾರ್ಬಿ ಇಕ್ಕಳದಿಂದ ಹೆಂಟೆಯೊಂದನ್ನು ಹೊರಳಿಸಿದ. "ನಿಮ್ಮಪ್ಪಂದು ನಿಮ್ಮಪ್ಪನ ಜೊತೆ ಇದೆ. ಹೆಣದ ಪೆಟ್ಟಿಗೇಲಿ ಬಲಗೈಗೆ ಇಟ್ಟಿದ್ದನ್ನ ನೀನೇ ನೋಡಿದ್ದೀಯಲ್ಲ."

ನೋಡಿದ್ದಳು. ಅಪ್ಪ ಒಂದು ಓಕ್ ಮರ ಕಡಿದಿದ್ದ. ಅಳಿದುಳಿದ ಕಾಡಿನ ಅಂಚಿನಲ್ಲಿ ಸಿಡಿಲು ಹೊಡೆದು ಒಣಗಿ ನಿಂತಿದ್ದ ಮರ, ಮನೆಯ ಮುರಿದ ತೊಲೆಗೆ ಬೇಕಾಗಿತ್ತು. ನೋಲನ್ ಚಾಡಿ ಹೇಳಿದ, ಇದೇ ಮ್ಯಾಜಿಸ್ಟ್ರೇಟ್ ದೊರೆ ಜೈಲಿಗೆ ಹಾಕಿದ. ಅಪ್ಪ ಜೈಲಿನಿಂದ ಕೆಮ್ಮಿಕೊಂಡು ಬಂದು ಆ ಮುರಿದ ತೊಲೆಯ ಕೆಳಗೇ ಸತ್ತ. ಆ ರಾತ್ರಿ ಹೊನೋರಾ ಹಾಡಿದ ಹಾಡಿಗೆ ನೋಲನ್‌ನ ಹೆಂಡತಿ ಕೂಡ ಅತ್ತಿದ್ದಳು.

ಹನಿ. ಚುಂಯ್.

"ರೊಟ್ಟಿ ತಿನ್ನು," ಎಂದು ಡಾರ್ಬಿ ಓಟ್ಸ್ ರೊಟ್ಟಿಯ ಚೂರನ್ನು ಮುಂದೆ ತಳ್ಳಿದ. "ಮಜ್ಜಿಗೇಲಿ ಅದ್ದಿಕೋ. ಬೆಣ್ಣೆ ಕೇಳ್ಬೇಡ. ಹಸು ಸತ್ತ ಮೇಲೆ ಈ ಮನೆ ಬೆಣ್ಣೆಯ ಮುಖ ಕಂಡಿಲ್ಲ."

"ನಮ್ಮನೇಲಿ ಹಸು ಇದ್ದೂ ಇಲ್ಲ. ಸಂತೆ ಆದಾಗಿಂದ ಹೀಗೇ. ಕಡೆದು ಮುಚ್ಚಿಟ್ಟು ಎಲ್ಲಾದ್ರೂ ಸಾವಿನ ಮನೆಗೆ ಹೋಗಿ ಬರೋಷ್ಟರಲ್ಲಿ, ಬೆಣ್ಣೆ ಮುದ್ದೇಲಿ ಒಂದು ಗುಳಿ. ಯಾರೋ ಬೆರಳು ಹಾಕಿ ತೆಗೆದ ಹಾಗೆ."

"ಒಳ್ಳೆಯವರು," ಎಂದ ಡಾರ್ಬಿ, ಮೆಲ್ಲಗೆ. ಗುಡ್ಡದ ಒಳಗಿರುವ ಮಾಯದ ಜನರನ್ನು ಅಲ್ಲಿ ಬೇರೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಬೆಣ್ಣೆ ಎಂದರೆ ಅವರಿಗೆ ಪ್ರಾಣ.

"ಅವರೇ. ಇನ್ಯಾರು? ಕಡೆಯೋ ಪೀಪಾಯಿ ಅಡಿ ಕೆಂಡ ಇಟ್ಟೆ, ಬಾಗಿಲಿಗೆ ಲಾಳ ಹೊಡೆದೆ, ಪಾದ್ರಿಗಳ ಹತ್ರ ಬೈಸ್ಕೊಂಡೆ. ಏನೂ ನಡೀಲಿಲ್ಲ."

ಇಂಥ ಮಾತಿಗೆ ಡಾರ್ಬಿ ಯಾವಾಗಲೂ ಏನಾದರೂ ತಮಾಷೆ ಮಾಡುತ್ತಿದ್ದ. ಇವತ್ತು ಮಾಡಲಿಲ್ಲ.

"ಅಮ್ಮ ಹೇಗಿದಾಳೆ?" ಎಂದು ಕೇಳಿದ.

"ಹಾಗೇ. ಈಸ್ಟರ್‌ನಲ್ಲಿ ಹಾಸಿಗೆ ಹಿಡಿದವಳು ಒಂದು ದಿನಾನೂ ಕಾಲು ನೆಲಕ್ಕೆ ಊರಿಲ್ಲ. ನಾನೇ ಎತ್ತಿ ಕೂರಿಸ್ಬೇಕು, ನಾನೇ ಮಲಗಿಸ್ಬೇಕು. ಮೈಲ್ಸ್‌ನ ಹಿಡ್ಕೊಂಡು ಹೋದಾಗ್ಲೂ ಗೋಡೆ ಕಡೆ ತಿರುಗಿ ಮಲಗಿದ್ಲು. ಇವತ್ತು ದೊರೆ ಹತ್ರ ಹೋಗ್ತೀನಿ ಅಂದ್ರೆ ಬೇಡ ಅಂತಾಳೆ ಅಂತ, ಕಾರ್ನ್ಯೂನಲ್ಲಿ ಯಾರೋ ಸತ್ತಿದಾರೆ, ನಾಳೆ ಬರ್ತೀನಿ ಅಂತ ಸುಳ್ಳು ಹೇಳಿ ಬಂದೆ."

ಡಾರ್ಬಿಯ ಇಕ್ಕಳ ಗಾಳಿಯಲ್ಲಿ ನಿಂತಿತು.

"ನಾಳೆ ಅಂದ್ಯಾ?"

"ಹೂಂ. ಯಾಕೆ?"

"ಏನಿಲ್ಲ," ಎಂದು ಅವನು ಅರೆಬಾಗಿಲಿನ ಕಡೆ ಒಮ್ಮೆ ನೋಡಿದ. ಹೊರಗೆ ಜೂನ್ ತಿಂಗಳ ಮಧ್ಯಾಹ್ನ ಹುಲ್ಲಿನ ಮೇಲೆ ಹಳದಿಯಾಗಿ ಮಲಗಿತ್ತು. ದೂರದಲ್ಲಿ ಸಂತ ಜಾನ್‌ನ ಹಬ್ಬದ ಬೆಂಕಿಗೆ ಸೌದೆ ಒಟ್ಟುತ್ತಿದ್ದವರ ಕೂಗು ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. "ಹೊತ್ತಾಯ್ತು, ಮಗಳೇ. ಮನೆಗೆ ಹೋಗು. ಈಗಲೇ ಹೋಗು."

ಹನಿ. ಚುಂಯ್.

ಆಗ ಹೊನೋರಾ ಪೂರ್ತಿ ಎಚ್ಚರಾದಳು.

ಮಳೆ ಬಂದು ಎಂಟು ದಿನದ ಮೇಲಾಗಿತ್ತು. ಹೊಗೆಗೂಡಿನಿಂದ ನೀರು ಬೀಳುವ ಹಾಗಿರಲಿಲ್ಲ. ನೀರು ಬಿದ್ದರೆ ಕೆಂಡ ಕಪ್ಪಾಗುತ್ತದೆ. ಇಲ್ಲಿ ಹನಿ ಬಿದ್ದ ಕಡೆ ಸಣ್ಣ ಹಳದಿ ನಾಲಿಗೆಯೊಂದು ಎದ್ದು, ಒಂದು ಕ್ಷಣ ಆಡಿ, ಮಲಗುತ್ತಿತ್ತು. ವಾಸನೆ ಅವಳ ಮೂಗಿಗೆ ಆಗಲೇ ಹತ್ತಿತ್ತು. ಕನಸಿನಲ್ಲಿ ಅಪ್ಪನ ಜೊತೆ ಬಂದದ್ದೂ ಅದೇ ವಾಸನೆ.

ಬೆಣ್ಣೆ.

"ಮಾಮ, ಮೇಲೆ ಏನು ಕಟ್ಟಿದ್ದೀರಿ?"

"ಇನ್ನೇನು ಕಟ್ತೀನಿ? ದೊಣ್ಣೆ. ಜನವರೀಲಿ ಕಡಿದದ್ದು."

"ಬೆಣ್ಣೆ ಹಚ್ಚಿ?"

"ಹಚ್ಚದೆ ಹೊಗೆಗೆ ಕಟ್ತಾರಾ? ಒಣಗಿ ಸೀಳಲ್ವಾ? ನಿನಗೆ ಗೊತ್ತಿಲ್ವಾ ಇದು?"

"ಗೊತ್ತು," ಎಂದಳು ಹೊನೋರಾ. "ಅದಕ್ಕೇ ಕೇಳ್ತಿದೀನಿ. ಜನವರೀಲಿ ಹಚ್ಚಿದ ಬೆಣ್ಣೆ ಇಷ್ಟೊತ್ತಿಗೆ ಮರದ ಹೊಟ್ಟೆ ಸೇರಿರುತ್ತೆ. ಇವತ್ತೇನು ತೊಟ್ಟಿಕ್ಕುತ್ತೆ?"

ಡಾರ್ಬಿ ಇಕ್ಕಳವನ್ನು ಒಲೆಯ ಪಕ್ಕಕ್ಕೆ ಇಟ್ಟ.

"ಹೊಸದು ಕಡಿದು ಕಟ್ಟಿದೆ ಅನ್ನಬೇಡಿ. ಈ ಕಾಲದಲ್ಲಿ ಮರದ ರಸ ಏರಿರುತ್ತೆ. ಬೇಸಿಗೇಲಿ ಕಡಿದ ಕರಿಮುಳ್ಳು ಕೈಯಲ್ಲೇ ಬಿರಿಯುತ್ತೆ. ಎಂಥ ದಡ್ಡನೂ ಕಡಿಯಲ್ಲ, ನೀವಂತೂ ಕಡಿಯೋರಲ್ಲ. ಅಂದ್ರೆ ಮೇಲಿರೋದು ಹಳೇ ದೊಣ್ಣೆ. ಯಾರೋ ಈಚೆಗೆ ಬೆಣ್ಣೆ ಹಚ್ಚಿದಾರೆ. ಈಚೆಗೆ ಅಂದ್ರೆ, ಈ ವಾರ."

ಅವಳು ಎದ್ದಳು. ಅವನೂ ಎದ್ದ. ವಯಸ್ಸಾದವನು ಎದ್ದ ಹಾಗೆ ಅಲ್ಲ. ಬಾಗಿಲ ಮೇಲಿನ ಗೂಟದಲ್ಲಿದ್ದ ಅವನ ದೊಣ್ಣೆ ಯಾವಾಗ ಅವನ ಕೈಗೆ ಬಂತೋ ಅವಳಿಗೆ ಕಾಣಿಸಲಿಲ್ಲ. ಒಲೆಗೂ ಅವಳಿಗೂ ನಡುವೆ ಅದು ಅಡ್ಡ ನಿಂತಿತು. ಮೂರನೇ ಒಂದು ಪಾಲು ಬಿಟ್ಟು ಹಿಡಿದಿದ್ದ ಮುಷ್ಟಿ, ಮೊಣಕೈಗೆ ಕಾವಲಾದ ಬುಡ. ಮೈಲ್ಸ್‌ಗೆ ಅಂಗಳದಲ್ಲಿ ಅವನು ಹೀಗೇ ಹೇಳಿಕೊಡುತ್ತಿದ್ದದ್ದನ್ನು ಅವಳು ಬೇಲಿಯ ಮೇಲೆ ಕೂತು ನೋಡಿದ್ದಳು.

"ಮುಟ್ಟಬೇಡ, ಹೊನೋರಾ."

"ನೀವು ಕೊಂದ್ರಾ, ಮಾಮ?"

"ನಾನು ಕೊಂದಿದ್ರೆ ಇಷ್ಟು ಹೊತ್ತಿಗೆ ದೊರೆ ಮನೆಗೆ ಹೋಗಿ, ನಾನೇ ಕಣಯ್ಯಾ, ಹುಡುಗನ್ನ ಬಿಡು ಅಂತಿದ್ದೆ. ನನಗೇನು? ಹಸು ಕೂಡ ಇಲ್ಲ."

"ಹಾಗಾದ್ರೆ ಸರೀರಿ."

"ಮುಟ್ಟಿದ್ರೆ ನಿಮ್ಮನೆ ಹಾಳಾಗುತ್ತೆ."

"ಸೋಮವಾರ ಹೇಗೂ ಹಾಳಾಗುತ್ತೆ. ಹೊಡೀರಿ, ಹೊಡೆಯೋ ಹಾಗಿದ್ರೆ. ನಾನು ಸತ್ರೆ ಹಾಡಿ ಅಳೋಕೆ ಮಾತ್ರ ಯಾರೂ ಇಲ್ಲ, ಅದೊಂದು ನೆನಪಿಟ್ಕೊಳ್ಳಿ."

ಮುದುಕನ ದೊಣ್ಣೆ ಮೆಲ್ಲಗೆ ಇಳಿಯಿತು. ಅವಳು ಅವನನ್ನು ಬಳಸಿಕೊಂಡು ಒಲೆಯ ಕಲ್ಲಿನ ಮೇಲೆ ಕಾಲಿಟ್ಟು, ತನ್ನ ಶಾಲಿನ ಅಂಚನ್ನು ಬಾಯಿಗೆ ಸುತ್ತಿಕೊಂಡು, ಹೊಗೆಯೊಳಗೆ ತೋಳು ಚಾಚಿದಳು.

ಮೊದಲು ಸಿಕ್ಕಿದ್ದು ಒಣಗಿದ ಎಳೆ ದೊಣ್ಣೆಗಳು, ಹಗುರ, ಮಸಿಮಸಿ. ಒಂದು, ಇನ್ನೊಂದು. ಅವುಗಳ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದದ್ದು ಬೆರಳಿಗೆ ತಗುಲಿ ಜಾರಿತು. ಬೆಚ್ಚಗಿತ್ತು. ಜಿಡ್ಡಾಗಿತ್ತು. ಹಾವು ಹಿಡಿದಂತಾಯಿತು. ಹಿಡಿದೆಳೆದಳು. ತೂಕಕ್ಕೆ ಅವಳ ಮಣಿಕಟ್ಟು ಬಾಗಿತು.

ಬಾಗಿಲಿನ ಬೆಳಕಿಗೆ ತಂದು ಹಿಡಿದಳು.

ಕಪ್ಪು ದೊಣ್ಣೆ. ತಲೆ ನುಣ್ಣಗೆ, ಮಗುವಿನ ಮುಷ್ಟಿಯಷ್ಟು ದುಂಡಗೆ. ನೆತ್ತಿಯಲ್ಲಿ ಸೀಸದ ಬೂದು ಕಣ್ಣು. ಹೆಣದ ತಲೆಯ ತಗ್ಗು ಅವಳ ಬೆರಳಿಗೆ ಇನ್ನೂ ನೆನಪಿತ್ತು. ಈ ದುಂಡು ತಲೆಗೆ ಆ ಗುಳಿ ಅಳತೆ ತೆಗೆದು ಮಾಡಿಸಿದಂತಿತ್ತು.

ಹಿಡಿಯ ಕೆಳಗೆ ಹೆಬ್ಬೆರಳು ಕೂತು ಕೂತು ಸವೆದ ಜಾಗ. ಅದರ ಪಕ್ಕ ಹಲ್ಲಿನ ಗುರುತು, ಎಳೆ ಹಲ್ಲು. ಹಲ್ಲು ಬರುವ ವಯಸ್ಸಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಅದನ್ನು ಕಚ್ಚಿದ್ದವಳು ಅವಳೇ. ಆ ಕತೆಯನ್ನು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಹಸಿರು ಕಾಡಿನಲ್ಲಿ ನಿಂತು ಅಪ್ಪ ಯಾಕೆ ತನ್ನ ಖಾಲಿ ಬಲಗೈಯನ್ನು ನೋಡಿಕೊಳ್ಳುತ್ತಿದ್ದ ಎಂದು ಅವಳಿಗೆ ಈಗ ತಿಳಿಯಿತು.

"ಇದು ಮಣ್ಣಲ್ಲಿರ್ಬೇಕಿತ್ತು," ಎಂದಳು.

"ಇರ್ಬೇಕಿತ್ತು."

"ಮೈಲ್ಸ್ ತಂದುಕೊಟ್ನಾ?"

ಡಾರ್ಬಿ ತಲೆಯಾಡಿಸಿದ. ಇಲ್ಲ.

ಅವಳಿಗೆ ಅರ್ಧ ಸಂತೋಷವಾಯಿತು, ಅರ್ಧ ಭಯ. "ಯಾಕೆ ಸುಡಲಿಲ್ಲ, ಮಾಮ? ಒಲೆ ಇಲ್ಲೇ ಉರೀತಿದೆ. ಒಂದು ಮಧ್ಯಾಹ್ನದ ಕೆಲಸ. ಬೂದಿ ಆಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಸುಡೋದಾ?" ಮುದುಕನ ದನಿಯಲ್ಲಿ ನಿಜವಾದ ಅಚ್ಚರಿಯಿತ್ತು. "ನಿಮ್ಮಪ್ಪನ ದೊಣ್ಣೇನಾ? ನೀನು ಸುಡು ನೋಡೋಣ. ತಗೋ, ಒಲೆ ಮುಂದೆ ನಿಂತಿದ್ದೀಯ."

ಹೊನೋರಾ ಒಲೆಯನ್ನು ನೋಡಿದಳು, ದೊಣ್ಣೆಯನ್ನು ನೋಡಿದಳು. ಕೈ ಬರಲಿಲ್ಲ. ದೊರೆಯ ಮನೆಯವರಾಗಿದ್ದರೆ ಚಳಿ ಕಾಯಿಸಿಕೊಂಡು ಮರೆತುಬಿಡುತ್ತಿದ್ದರು. ಇಲ್ಲಿ ಅಪ್ಪನ ದೊಣ್ಣೆ ಸುಟ್ಟವರು ಯಾರೂ ಇಲ್ಲ. ಕೊಲೆಯನ್ನಾದರೂ ಮಾಡಿಯಾರು, ಅದನ್ನು ಮಾಡಲಾರರು. ಬಚ್ಚಿಡುತ್ತಾರೆ, ಬಿರುಕು ಬಿಡದ ಹಾಗೆ ಬೆಣ್ಣೆ ಹಚ್ಚುತ್ತಾರೆ, ಹಚ್ಚಿ ಹಚ್ಚಿ ಸಿಕ್ಕಿಬೀಳುತ್ತಾರೆ.

ಬೆಣ್ಣೆ.

"ಈ ಮನೇಲಿ ಬೆಣ್ಣೆ ಇಲ್ಲ ಅಂದ್ರಲ್ಲ, ಮಾಮ."

"ಇಲ್ಲ."

"ಹಾಗಾದ್ರೆ ಇದಕ್ಕೆ ಹಚ್ಚಿರೋದು ಯಾರ ಮನೇದು?"

ಡಾರ್ಬಿ ಮತ್ತೆ ಅರೆಬಾಗಿಲಿನ ಕಡೆ ನೋಡಿದ. ಈ ಸಲ ಕಣ್ಣು ಹಿಂದಕ್ಕೆ ತರಲಿಲ್ಲ.

ಅಪ್ಪನ ಪೆಟ್ಟಿಗೆಗೆ ಮೊಳೆ ಹೊಡೆಯುವ ಮೊದಲು ಎಲ್ಲರೂ ಅಂಗಳಕ್ಕೆ ಇಳಿದಿದ್ದರು. ಒಂದು ಜಪ ಮುಗಿಯುವವರೆಗೆ ನನ್ನನ್ನೂ ಇವರನ್ನೂ ಬಿಟ್ಟುಬಿಡಿ ಎಂದು ಒಬ್ಬಳು ಕೇಳಿದ್ದಳು. ಕೇಳುವ ಹಕ್ಕು ಆ ಮನೆಯಲ್ಲಿ ಅವಳಿಗಿತ್ತು. ಜಪ ಉದ್ದವಾಗಿತ್ತು. ಅದು ಹೊನೋರಾಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

"ನನ್ನ ಹತ್ರ ತಂದು ಕೊಟ್ಟಾಗ ನಾನು ಆಗಲ್ಲ ಅನ್ನಲಿಲ್ಲ," ಎಂದ ಡಾರ್ಬಿ. "ಅವಳಿಗೆ ನಾನು ಯಾವತ್ತೂ ಆಗಲ್ಲ ಅಂದವನಲ್ಲ. ನಿಮ್ಮಪ್ಪನ್ನ ಮದುವೆ ಆಗ್ತೀನಿ ಅಂದಾಗ್ಲೂ ಅನ್ನಲಿಲ್ಲ. ಮೈಲ್ಸ್‌ನ ಬಿಟ್ಟೇ ಬಿಡ್ತಾರೆ, ಅವನು ಮಾಡಿಲ್ವಲ್ಲ ಅಂತಾಳೆ. ಮಾಡದವರನ್ನ ನೇಣಿಗೆ ಹಾಕಲ್ಲ ಅಂತ ನಂಬಿದಾಳೆ. ಅವರ ಕೋರ್ಟು ಅವಳು ನೋಡಿಲ್ಲ."

"ಕೊಂದಿದ್ದು ಅವಳೇನಾ?"

"ಕೇಳಿಲ್ಲ."

"ಕೇಳಿಲ್ವಾ?"

"ನೀನೇ ಕೇಳು. ನೀನು ಊರಲ್ಲಿ ಇಲ್ಲದ ದಿನವೆಲ್ಲ ಈ ಹೊತ್ತಿಗೆ ಬರ್ತಾಳೆ."

ಹೊನೋರಾ ಅರೆಬಾಗಿಲಿಗೆ ಹೋದಳು. ಅಪ್ಪನ ದೊಣ್ಣೆ ಅವಳ ಕೈಯಲ್ಲೇ ಇತ್ತು. ಇದು ದೊರೆಯ ಮೇಜಿಗೆ ಹೋದರೆ ತಮ್ಮ ಮನೆಗೆ ಬರುತ್ತಾನೆ. ತಮ್ಮನ ಕುತ್ತಿಗೆಯ ಹಗ್ಗ ಬಿಚ್ಚಿದವರು ಅದನ್ನು ಸುತ್ತಿ ಒಳಗಿಡುವುದಿಲ್ಲ. ಇನ್ನೊಂದು ಕುತ್ತಿಗೆ ಕೇಳುತ್ತಾರೆ.

ಹುಲ್ಲುಗಾವಲಿನ ಆ ತುದಿಯಲ್ಲಿ, ಕರಿಮುಳ್ಳಿನ ಬೇಲಿಯ ಸಂದಿಯಿಂದ ಒಬ್ಬಳು ಹೊರಗೆ ಬಂದಳು. ಹಳದಿ ಬೆಳಕು ಅವಳ ಸೊಂಟದವರೆಗೆ ಇತ್ತು. ಹುಲ್ಲಿನ ಮೇಲೆ ನಡೆಯುತ್ತಿದ್ದಾಳೋ ತೇಲುತ್ತಿದ್ದಾಳೋ ಹೇಳುವ ಹಾಗಿರಲಿಲ್ಲ. ಗುಡ್ಡದ ಒಳ್ಳೆಯವರಲ್ಲಿ ಒಬ್ಬಳು ದಾರಿ ತಪ್ಪಿ ಹಗಲಿಗೆ ಬಂದ ಹಾಗಿತ್ತು. ಬೆನ್ನು ನೆಟ್ಟಗಿತ್ತು. ಹೆಜ್ಜೆ ಹುಡುಗಿಯದಾಗಿತ್ತು. ಎರಡೂ ಕೈಯಲ್ಲಿ, ಎಲೆ ಮುಚ್ಚಿದ ಒಂದು ಮರದ ಬಟ್ಟಲು.

ಬಟ್ಟಲಿನ ಅಂಚಿನ ಸೀಳು ಹೊನೋರಾಗೆ ಅಷ್ಟು ದೂರದಿಂದಲೂ ಕಂಡಿತು. ಆ ಬಟ್ಟಲಿನಲ್ಲೇ ಅವಳು ಇವತ್ತು ಬೆಳಿಗ್ಗೆ, ಹಾಸಿಗೆಯಲ್ಲಿದ್ದ ಅಮ್ಮನಿಗೆ ಗಂಜಿ ಕುಡಿಸಿದ್ದಳು, ಒಂದು ಕೈಯಿಂದ ತಲೆ ಎತ್ತಿ ಹಿಡಿದು.

ಹೆಜ್ಜೆ ಅಂಗಳಕ್ಕೆ ಬಂತು. ಹೊನೋರಾ ಬಾಗಿಲ ಮರೆಗೆ ಸರಿದಳು. ಯಾಕೆ ಸರಿದೆನೆಂದು ಅವಳಿಗೇ ಗೊತ್ತಿರಲಿಲ್ಲ.

"ಡಾರ್ಬಿ," ಎಂದಿತು ಹೊರಗಿನ ದನಿ, ದಿನವೂ ಬಂದು ಹೋಗುವವರ ದನಿ. "ಬಾಗಿಲು ತೆಗಿ. ಆ ಇನ್ನೊಂದು ದೊಣ್ಣೇನೂ ಇವತ್ತೇ ಕೆಳಗೆ ಇಳಿಸು. ಅದಕ್ಕೂ ಹಚ್ಚಿಬಿಡ್ತೀನಿ. ಮ್ಯಾಜಿಸ್ಟ್ರೇಟು ನಾಳೆ ಬೆಳಿಗ್ಗೆ ಕುದುರೆ ಮೇಲೆ ಕಾಡಿನ ದಾರೀಲಿ ಒಬ್ಬನೇ ಹೋಗ್ತಾನಂತೆ."